ಹಡಗೋ ಗಡಿಯಾರವೋ

೧೯೯೯ನೆಯ ಇಸವಿ. ನನಗಾಗ ಮೂವತ್ತೆಂಟು ವರ್ಷ, ನಾಲ್ಕು ತಿಂಗಳು. ಯಾವ ವಿಷಯವನ್ನೇ ಆಗಲಿ ನಿರೂಪಿಸುವ ಮೊದಲು ಕಾಲವನ್ನೂ ಕರ್ತೃವನ್ನೂ ಸ್ಪಷ್ಟಪಡಿಸಬೇಕೆಂದು ಹದಿನಾರು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವನು ನಾನು. ಮಕ್ಕಳ ಸಂಖ್ಯೆ ಕರಗುತ್ತ ಬಂದು ನನ್ನ ತರಗತಿಯೇ ಮುಚ್ಚಿತು. ನಾನೊಂದು ಕಚೇರಿಯಲ್ಲಿ ಅನುವಾದಕನಾದೆ. ಚಟ ಮಾತ್ರ ಬಿಡಲಿಲ್ಲ. ಆದ್ದರಿಂದ, ಓದುಗರೇ, ಈ ಎರಡು ಅಂಕಿಗಳನ್ನು ಮೊದಲು ದಾಖಲಿಸಿಕೊಳ್ಳಿ.

ಇವು ನೆನಪಾದದ್ದಕ್ಕೆ ಕಾರಣ ಭೋಗಿ ಹಬ್ಬ. ಪಲ್ಲಾವರಂನ ನಮ್ಮ ಬೀದಿಯಲ್ಲಿ ಇಂದು ಬೆಳಗಿನಿಂದ ಹಳೆಯ ಚಾಪೆ, ಪೊರಕೆಗಳನ್ನು ಸುಟ್ಟ ಹೊಗೆ. ನನ್ನ ಹೆಂಡತಿ ಬೀರುವಿನ ಕೆಳಗಿನ ಅರೆಯನ್ನು ತೋರಿಸಿ, ಬೇಡದ್ದನ್ನೆಲ್ಲ ಹೊರಗೆ ಹಾಕಲು ಅಪ್ಪಣೆ ಕೊಟ್ಟಳು. ಬೇಡದ್ದು ಯಾವುದು ಎಂಬುದರ ಲಕ್ಷಣವನ್ನು ನಿರ್ಧರಿಸದೆ ಕೆಲಸ ಆರಂಭಿಸುವುದು ನನಗೆ ಒಗ್ಗದು. ಹಾಗೆ ಯೋಚಿಸುತ್ತ ಕೈ ಹಾಕಿದಾಗ ಸಿಕ್ಕಿದ್ದು ಒಂದು ಹಿತ್ತಾಳೆಯ ಗಂಟೆ. ಹೋಟೆಲುಗಳ ಗಲ್ಲಾದ ಮೇಲೆ ಇರುತ್ತದಲ್ಲ, ನೆತ್ತಿಯ ಗುಂಡಿಯನ್ನು ಒತ್ತಿದರೆ ಟಿಣ್ ಎನ್ನುವಂಥದ್ದು. ಅದರ ಕೆಳಗೆ ಗೆರೆ ಹಾಕಿದ ಒಂದು ನೋಟ್‌ಬುಕ್ಕು.

ಗಂಟೆ ವಾಸುದೇವ ಭಾವನದು. ಭಾವನೆಂದರೆ ನನ್ನ ಅಕ್ಕ ಸಾವಿತ್ರಿಯ ಗಂಡ. ಉಡುಪಿಯ ಕಡೆಯವರು, ಕ್ರೋಂಪೇಟೆಯಲ್ಲಿ ಹೋಟೆಲು, ಅದರ ಮಹಡಿಯಲ್ಲೇ ಮನೆ. ನಮ್ಮ ಮನೆತನವಾದರೋ ಮದರಾಸಿನಲ್ಲಿ ನೆಲೆಯೂರಿ ನಾಲ್ಕು ತಲೆಮಾರಾಗಿತ್ತು. ಸಂಧ್ಯಾವಂದನೆಯ ಸಂಕಲ್ಪವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ತಮಿಳು ಬೆರೆತುಹೋಗಿತ್ತು. ಆ ಬೆರಕೆಯನ್ನು ತಡೆಯಲು ಮನೆಯಲ್ಲಿ ಒಬ್ಬನಾದರೂ ಕಾವಲು ನಿಲ್ಲಬೇಕೆಂದು ನಾನು ನಂಬಿದ್ದೆ. ಯಾರೂ ನೇಮಿಸದ ಕಾವಲುಗಾರನಷ್ಟು ನಿಷ್ಠುರ ಇನ್ನೊಬ್ಬನಿರುವುದಿಲ್ಲ.

ಆ ವರ್ಷ ಎರಡು ವಾಹಿನಿಗಳವರು ಬಹಳ ಹಳೆಯ ಎರಡು ಇಂಗ್ಲಿಷ್ ವೈಜ್ಞಾನಿಕ ಧಾರಾವಾಹಿಗಳನ್ನು ಮರುಪ್ರಸಾರ ಮಾಡತೊಡಗಿದರು. ಒಂದರಲ್ಲಿ ಏಳು ಗ್ರಹಗಳ ಏಳು ಜನ ಒಂದೇ ಹಡಗಿನಲ್ಲಿ ಆಕಾಶವನ್ನು ಸುತ್ತುತ್ತಾರೆ. ಇನ್ನೊಂದರಲ್ಲಿ ಒಬ್ಬ ವೃದ್ಧ ಗಡಿಯಾರ ರಿಪೇರಿಯವನು ಗೋಪುರದ ಗಡಿಯಾರದೊಳಗೆ ಹೊಕ್ಕು ಹಿಂದಿನ ಕಾಲಕ್ಕೆ ಹೋಗುತ್ತಾನೆ. ನಮ್ಮ ನಡುವೆ ಅವುಗಳಿಗೆ ಹಡಗು, ಗಡಿಯಾರ ಎಂದೇ ಹೆಸರಾಯಿತು. ಭಾವನದು ಹಡಗಿನ ಪಕ್ಷ. ನನ್ನದು ಗಡಿಯಾರದ ಪಕ್ಷ. ಪ್ರಸಾರ ಎರಡು ವರ್ಷಕ್ಕೇ ನಿಂತಿತು. ವಾದ ಏಳು ವರ್ಷ ನಡೆಯಿತು.

ಎಲ್ಲಿ ನಡೆಯಿತೆಂದರೆ, ಭಾವನ ಹೋಟೆಲಿನ ಹಿಂಭಾಗದ ಮೇಜಿನಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಹೋಟೆಲಿಗೂ ಒಂದು ನಿದ್ದೆಯ ಹೊತ್ತಿದೆ. ಊಟದ ಕೊನೆಯ ಎಲೆ ಎದ್ದು, ಸಂಜೆಯ ಬಜ್ಜಿಗೆ ಎಣ್ಣೆ ಇನ್ನೂ ಕಾಯದ ಆ ಒಂದು ಗಂಟೆಯಲ್ಲಿ ಒದ್ದೆ ನೆಲ ಆರುತ್ತಿರುತ್ತದೆ, ಬೆಂಚುಗಳು ಮೇಜಿನ ಮೇಲೆ ಕಾಲು ಮೇಲಾಗಿ ಮಲಗಿರುತ್ತವೆ. ನಿಯಮಾವಳಿಯನ್ನು ನಾನು ಬರೆದೆ. ಪ್ರತಿ ಪಕ್ಷಕ್ಕೆ ಐದು ನಿಮಿಷ. ಕಾರಣ ಸಹಿತ ಮಂಡನೆ. ನಾಲ್ಕನೆಯ ನಿಯಮ: ವಾದ ಶುದ್ಧ ಕನ್ನಡದಲ್ಲೇ ಆಗತಕ್ಕದ್ದು, ಪರಭಾಷೆಯ ಪ್ರತಿಯೊಂದು ಪದಕ್ಕೂ ಒಂದು ಸಲ ಗಂಟೆ, ಒಂದು ಅಂಕ ಕಡಿತ, ಕಾಫಿಯೊಂದಕ್ಕೆ ಮಾತ್ರ ರಿಯಾಯಿತಿ. ಗಂಟೆ ನನ್ನ ಬಳಿ. ಸಮಯ ನೋಡಿ ಅಂಕ ಬರೆಯುವ ಕೆಲಸ ನನ್ನ ಮಗಳು ರಂಜನಿಯದು.

ರಂಜನಿಗೆ ಆಗ ಒಂಬತ್ತು ವರ್ಷ. ಅವಳಿಗೆ ಅಂಕ ಬರೆಯುವ ಕೆಲಸ ಏಕೆ ಬಂತೆಂಬುದನ್ನು ಮರೆಮಾಚದೆ ಹೇಳಬೇಕು. ಆ ವರ್ಷವೇ ಅಕ್ಕನ ಮನೆಯ ಪೂಜೆಯ ಪಂಕ್ತಿಯಲ್ಲಿ, ನೆಂಟರೆಲ್ಲರ ಮುಂದೆ, ಅವಳು ಹಡಗಿನ ಒಂದು ಕತೆಯನ್ನು ಕಣ್ಣರಳಿಸಿ ಹೇಳತೊಡಗಿದಳು. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಕಲಸಿದ ಮಾತು. ನಾನು ನಡುನಡುವೆ ತಿದ್ದಿದೆ. ಹನ್ನೊಂದು ಸಲ ತಿದ್ದಿದೆ. ಎಣಿಸಿದ್ದೆ, ಎಣಿಸಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿಯೂ ಬಿಟ್ಟೆ. ನೆಂಟರು ನಕ್ಕರು. ಕತೆ ಅರ್ಧದಲ್ಲಿ ನಿಂತಿತು. ಆ ದಿನದಿಂದ ಅವಳು ನನ್ನೊಡನೆ ಆಡಿದ್ದು "ಸರಿಪ್ಪಾ", "ಇಲ್ಲಪ್ಪಾ" ಎಂಬೆರಡು ಮಾತು. ಅದಕ್ಕಿಂತ ಹೆಚ್ಚು ಬೇಕಾದರೆ ತಮಿಳಿನಲ್ಲಿ, ಅದೂ ಅಮ್ಮನ ಮೂಲಕ. ಮಗು ತಾನಾಗಿ ದಾರಿಗೆ ಬರುತ್ತದೆಂದು ನಾನು ಕಾದೆ. ವಾದಕ್ಕೆ ಕರೆದುಕೊಂಡು ಹೋಗುತ್ತಿದ್ದುದೂ ಒಳ್ಳೆಯ ಕನ್ನಡ ಕಿವಿಗೆ ಬೀಳಲಿ ಎಂದೇ. ವರ್ಷಗಳು ಕಳೆದಂತೆ ನನಗೆ ಒಳಗೊಳಗೇ ಭಯವಾಗತೊಡಗಿತು: ಈ ಹುಡುಗಿ ನನ್ನೊಡನೆ ಇನ್ನೆಂದೂ ಮಾತೇ ಆಡದೆ ದೊಡ್ಡವಳಾಗಿ ಹೋದರೆ?

ಭಾವ ನನ್ನ ನಾಲ್ಕನೆಯ ನಿಯಮವನ್ನು ಆಟವೆಂದು ತಿಳಿದರು. ಹಡಗಿನಲ್ಲಿ ಸಹಾಯಕ್ಕೊಂದು ಯಂತ್ರಮಾನವನಿದ್ದ. ಇಂಗ್ಲಿಷ್ ಪದ ಬಳಸಿದರೆ ಅಂಕ ಹೋಗುತ್ತದೆಂದು ಭಾವ ಅವನಿಗೆ "ಕಬ್ಬಿಣದ ಮಾಣಿ" ಎಂದು ಹೆಸರಿಟ್ಟರು. ಕರಾವಳಿಯ ಹೋಟೆಲಿನಲ್ಲಿ ಬಡಿಸುವವನು ಮಾಣಿಯೇ ತಾನೆ?

"ನಿನ್ನ ಗಡಿಯಾರದ ಅಜ್ಜ ನೂರು ವರ್ಷ ಹಿಂದೆ ಹೋಗ್ತಾನೆ, ಸತ್ತುಹೋದ ಅವನ ಅಪ್ಪನನ್ನೇ ಕಾಣ್ತಾನೆ. ಒಂದು ಲೋಟ ಕಾಫಿ ಕೂಡ ಕುಡಿಯದೆ ತಿರುಗಿ ಬರ್ತಾನೆ! ಅದೆಂಥಾ ಕತೆ ಮಾರಾಯ?"

"ಭಾವ, ಅಲ್ಲಿ ಕಾರ್ಯಕಾರಣ ಸಂಬಂಧವಿದೆ. ನಿಮ್ಮ ಹಡಗಿನಲ್ಲಿ ಏನಿದೆ? ಗಾಳಿಯೇ ಇಲ್ಲದ ಕಡೆ ಸ್ಫೋಟದ ಸದ್ದು ಹೇಗೆ ಕೇಳುತ್ತದೆ?"

"ಸದ್ದು ಇಲ್ಲದೆ ಯುದ್ಧವೂ ಇಲ್ಲ, ಹೋಟ್ಲೂ ಇಲ್ಲ."

ಟಿಣ್.

"ಹೋಟ್ಲು ಎಂದದ್ದಕ್ಕಾ? ಹಾಗಾದ್ರೆ ಬಾಗಿಲಲ್ಲಿ ಬೋರ್ಡು ಎಂತ ಹಾಕ್ಲಿ? ಅನ್ನಸತ್ರ ಅಂತ ಹಾಕಿದ್ರೆ ಯಾರೂ ದುಡ್ಡು ಕೊಡುದಿಲ್ಲ!"

ಟಿಣ್, ಬೋರ್ಡಿಗೆ. ರಂಜನಿ ತಲೆ ಎತ್ತದೆ ಎರಡು ಅಂಕ ಕಳೆಯುತ್ತಿದ್ದಳು. ನೋಟ್‌ಬುಕ್ಕನ್ನು ಈಗ ತಿರುವಿ ನೋಡಿದರೆ ಏಳು ವರ್ಷವೂ ನಾನೇ ಗೆದ್ದಿದ್ದೇನೆ. ಗಂಟೆ ಒತ್ತುವವನು ಸೋಲುವುದುಂಟೇ?

೨೦೦೫ರ ಡಿಸೆಂಬರಿನಲ್ಲಿ ಭಾವನ ಗಂಟಲು ಕಟ್ಟಿತು. ಮೂವತ್ತು ವರ್ಷ ಅಡುಗೆಮನೆಯ ಕಡೆಗೆ ದೋಸೆ, ವಡೆಗಳ ಲೆಕ್ಕ ಕೂಗಿದ ಗಂಟಲು ಅದು. ಕೀಲ್ಪಾಕ್‌ನ ವೈದ್ಯರು ಪರೀಕ್ಷಿಸಿ, ಗಾಬರಿಪಡುವಂಥದ್ದೇನಿಲ್ಲ, ಆದರೆ ಒಂದು ತಿಂಗಳು ಪಿಸುಮಾತನ್ನೂ ಆಡಕೂಡದು ಎಂದರು. "ಮದುವೆಯಾದ ಮೇಲೆ ಇದೇ ಮೊದಲು ಮನೆ ತಂಪಾಗಿದೆ" ಎಂದಳು ಅಕ್ಕ. ಎರಡು ದಿನ ಕಳೆದ ಮೇಲೆ ಅವಳೇ ಹೋಗಿ ಅಡುಗೆಮನೆಯವರೊಡನೆ ಕಾರಣವಿಲ್ಲದೆ ಕೂಗಾಡಿ ಬಂದಳಂತೆ. ಭಾವ ಹಳೆಯ ಬಿಲ್ಲಿನ ಚೀಟಿಗಳ ಹಿಂಬದಿಯಲ್ಲಿ ಬರೆದು ವ್ಯವಹರಿಸತೊಡಗಿದರು.

ಜನವರಿಯ ಎರಡನೆಯ ಭಾನುವಾರ ನಾನು, ಪ್ರತಿಪಕ್ಷ ಮಾತಾಡುವ ಸ್ಥಿತಿಯಲ್ಲಿಲ್ಲವಾದ್ದರಿಂದ ವಾದವನ್ನು ಮುಂದೂಡೋಣವೆಂದೆ. ಭಾವ ಚೀಟಿ ಬರೆದು ನನ್ನ ಮುಂದಕ್ಕೆ ತಳ್ಳಿದರು: "ಬೇಡ. ಇವತ್ತು ನನ್ನ ಪರ ರಂಜನಿ."

ಪ್ರತಿನಿಧಿಯನ್ನು ನೇಮಿಸಬಾರದೆಂದು ನಿಯಮಾವಳಿಯಲ್ಲಿ ಇರಲಿಲ್ಲ. ಹದಿನಾರು ತುಂಬುತ್ತಿದ್ದ ರಂಜನಿ ಭಾವನ ಮುಖ ನೋಡಿದಳು, ಗಂಟೆ ನೋಡಿದಳು, ಪೆನ್ನು ಕೆಳಗಿಟ್ಟಳು.

"ಫಸ್ಟ್ ಒಂದು ವಿಷಯಪ್ಪಾ," ಎಂದಳು. "ನೀವು ಕಪ್ಪಲ್ ಒಂದು ಎಪಿಸೋಡ್ ಕೂಡ ನೋಡಿಲ್ಲ."

ಕಪ್ಪಲ್ ಎಂದರೆ ತಮಿಳಿನ ಹಡಗು. ಟಿಣ್, ಟಿಣ್, ಟಿಣ್. ಬೆರಳು ತಾನಾಗಿ ಒತ್ತಿತು. ಅವಳು ನಿಲ್ಲಿಸಲಿಲ್ಲ.

"ಮಾಮಾ ಗಡಿಯಾರ ಒಂದು ಎಪಿಸೋಡ್ ಕೂಡ ನೋಡಿಲ್ಲ. ಎರಡೂ ಸ್ಯಾಟರ್ಡೇ ಮೂರು ಗಂಟೆಗೆ, ಒರೇ ಟೈಮ್! ಒಂದು ವಾರ ನಾನು ನಮ್ಮ ಮನೇಲಿ ನಿಮ್ಮ ಜೊತೆ, ಒಂದು ವಾರ ಅತ್ತೆ ಮನೇಲಿ ಮಾಮಾ ಜೊತೆ. ಅಲ್ಲಿ ನೋಡಿದ್ದು ಮನೆಗೆ ಬಂದು ಅಮ್ಮನಿಗೆ ಹೇಳ್ತಿದ್ದೆ, ನೀವು ಪೇಪರ್ ಹಿಂದೆ ಕೇಳ್ತಿದ್ರಿ. ಇಲ್ಲಿ ಬಂದು ಮಾಮಾಗೆ ಹೇಳ್ತಿದ್ದೆ. ಸದ್ದು ಕೇಳಲ್ಲ ಅನ್ನೋ ಪಾಯಿಂಟ್ ನಂದು! ಕಾಫಿ ಪಾಯಿಂಟ್ ಕೂಡ ನಂದು!"

ನಾನು ಮತ್ತೆ ಗಂಟೆಯ ಕಡೆಗೆ ಕೈ ಚಾಚಿದೆ. ಬೆರಳು ಇಳಿದದ್ದು ಹಿತ್ತಾಳೆಯ ಮೇಲಲ್ಲ, ಭಾವನ ಬೆಚ್ಚನೆಯ ಅಂಗೈಯ ಹಿಂಬದಿಯ ಮೇಲೆ. ಅವರು ಗಂಟೆಯನ್ನು ಪೂರ್ತಿಯಾಗಿ ಮುಚ್ಚಿಕೊಂಡು, ಬಾಯಿ ಬಿಡದೆ, ನನ್ನನ್ನೇ ನೋಡುತ್ತಿದ್ದರು.

"ನೀವು ಒಂದೊಂದು ಫುಲ್, ಇನ್ನೊಂದು ಝೀರೋ. ನಾನು ಎರಡೂ ಪಾದಿ ಪಾದಿ ನೋಡಿದ್ದೀನಿ. ಯಾರು ಜಡ್ಜ್ ಆಗ್ಬೇಕು, ನೀವೇ ಸೊಲ್ಲುಂಗೋ."

ಪಾದಿ ಎಂದರೆ ಅರ್ಧ. ಅರ್ಧ ಮತ್ತು ಅರ್ಧ ಸೇರಿದರೆ ಆಗುವುದು ಪೂರ್ಣವೇ. ಕ್ರಮಬದ್ಧನೆಂದು ಬೀಗುತ್ತಿದ್ದ ನನಗೆ ಏಳು ವರ್ಷ ಈ ಕೂಡುವ ಲೆಕ್ಕ ಹೊಳೆದಿರಲಿಲ್ಲ. ಎರಡನ್ನೂ ಕಂಡ ಏಕೈಕ ಸಾಕ್ಷಿಯನ್ನು ನಾನು ಅಂಕ ಬರೆಯಲು ಕೂರಿಸಿ, ಅವಳ ಮಾತುಗಳನ್ನೇ ಕದ್ದು, ಸ್ನಾನ ಮಾಡಿಸಿ, ನನ್ನವೆಂದು ಮಂಡಿಸಿದ್ದೆ.

"ತೀರ್ಪು ಕೊಡಮ್ಮ," ಎಂದೆ.

"ಗಡಿಯಾರ ರೊಂಬ ನೀಟ್ ಅಪ್ಪಾ. ಕತೇಲಿ ಒಂದು ಓಟೆ, ಒಂದು ತೂತು ಇಲ್ಲ. ಆದ್ರೆ ಆ ತಾತ ಪ್ರತಿ ವಾರ ಹಿಂದೆ ಹೋಗಿ ಯಾರದೋ ತಪ್ಪು ಸರಿಮಾಡಿ ಒಬ್ಬರೇ ವಾಪಸ್ ಬರ್ತಾರೆ. ಅವರಿಗೆ ಫ್ರೆಂಡೇ ಇಲ್ಲ. ಪಾವಂ, ಪಾಪ ಅನ್ಸುತ್ತೆ. ಕಪ್ಪಲ್ ಪೂರ್ತಿ ಓಟೆ. ಆದ್ರೆ ಏಳು ಜನಾನೂ ಅವರವರ ಭಾಷೇಲಿ ಮಾತಾಡ್ಕೊಂಡು ಒಂದೇ ಟೇಬಲ್‌ನಲ್ಲಿ ಊಟ ಮಾಡ್ತಾರೆ. ಮುಂದೆ ಹೋಗ್ತಾನೇ ಇರ್ತಾರೆ. ಸೋ, ಕಪ್ಪಲ್."

ಒದ್ದೆ ನೆಲದಾಚೆ ಅಡುಗೆಮನೆಯಲ್ಲಿ ಯಾರೋ ಒಲೆ ಹಚ್ಚಿದರು. ನನ್ನ ಬಾಯಿಂದ ಒಂದು ಪ್ರಶ್ನೆ ಹೊರಟಿತು. ಉತ್ತರ ನನಗೇ ಗೊತ್ತಿಲ್ಲದ ಪ್ರಶ್ನೆಯನ್ನು ಆ ಮಗುವಿಗೆ ನಾನು ಹಾಕಿದ್ದು ಅದೇ ಮೊದಲಿರಬೇಕು.

"ಆ ಕಬ್ಬಿಣದ ಮಾಣಿಗೆ ಕೊನೆಗೆ ಏನಾಯಿತು?"

ಅವಳು ಒಂದು ಕ್ಷಣ ನನ್ನನ್ನು ಪರೀಕ್ಷಿಸಿದಳು. ಆಮೇಲೆ ಕಣ್ಣರಳಿದವು, ಪಂಕ್ತಿಯಲ್ಲಿ ಅರಳಿದ್ದಂತೆಯೇ. ಹೇಳತೊಡಗಿದಳು. ಹೋಟೆಲಿನಲ್ಲಿ ಹೇಳಿ ಮುಗಿಯಲಿಲ್ಲ. ಕ್ರೋಂಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಹೇಳಿದಳು. ಲೋಕಲ್ ರೈಲಿನಲ್ಲಿ ಹೇಳಿದಳು. ಮುಂದಿನ ನಿಲ್ದಾಣವೇ ಪಲ್ಲಾವರಂ. ಬಂತು. ಮಾಣಿ ಆಗಷ್ಟೇ ಹಡಗಿನಿಂದ ಹೊರಗೆ ಬಿದ್ದಿದ್ದ. ನಾನು ಏಳಲಿಲ್ಲ. ಅಲ್ಲಿಂದ ಮುಂದಕ್ಕೆ ನಮ್ಮಲ್ಲಿ ಟಿಕೆಟ್ಟು ಇರಲಿಲ್ಲ ಎಂಬುದನ್ನು, ನಿಯಮಾವಳಿಗಳ ಕರ್ತೃವಾದ ನಾನು, ಇಲ್ಲಿ ಲಿಖಿತವಾಗಿ ಒಪ್ಪಿಕೊಳ್ಳುತ್ತೇನೆ. ಮಾಂಬಲಂನಲ್ಲಿ ಕತೆ ಮುಗಿಯಿತು. ಇಳಿದು, ವಾಪಸು ಬರಲು ಎರಡು ಟಿಕೆಟ್ಟು ಕೊಂಡೆವು.

ಭಾವನ ದನಿ ಫೆಬ್ರುವರಿಯಲ್ಲಿ ಮರಳಿತು, ಮೊದಲಿಗಿಂತ ಸ್ವಲ್ಪ ಒರಟಾಗಿ. "ಗೆದ್ದದ್ದು ನಾನು, ಗಂಟೆ ನಿನಗಿರ್ಲಿ" ಎಂದು ಅದನ್ನು ನನಗೇ ಕೊಟ್ಟರು. ವಾದ ಅಲ್ಲಿಗೆ ನಿಂತಿತು.

ಇಂದು ಆ ಗಂಟೆಯನ್ನು ಒರೆಸುತ್ತ ಕುಳಿತಿದ್ದಾಗ, ಪೊಂಗಲ್ ರಜೆಗೆ ಕಾಲೇಜಿನ ಹಾಸ್ಟೆಲಿನಿಂದ ಬಂದಿರುವ ರಂಜನಿ ಎದುರಿಗೆ ಬಂದು ನಿಂತಳು. "ಅಯ್ಯೋ, ಇನ್ನೂ ಇಟ್ಕೊಂಡಿದ್ದೀರಾ ಇದನ್ನ?"

"ಬಿಸಾಡಲು ಮನಸ್ಸಾಗಲಿಲ್ಲ. ಬಾ, ಟೈಮಾಯಿತು, ಸಾಪ್ಪಾಡು ರೆಡಿ" ಎಂದೆ.

ಅವಳು ಬಗ್ಗಿ ಗಂಟೆಯನ್ನು ಒತ್ತಿದಳು. ಒಂದಲ್ಲ, ಮೂರು ಸಲ. ಅಡುಗೆಮನೆಯಿಂದ ನನ್ನ ಹೆಂಡತಿ ನಗುವುದು ಕೇಳಿಸಿತು. ನಾನು ಅವಳ ಪೆನ್ನನ್ನೇ ಕೇಳಿ ತೆಗೆದುಕೊಂಡು, ನೋಟ್‌ಬುಕ್ಕನ್ನು ತೆರೆದು ನನ್ನ ಹೆಸರಿನ ಕೆಳಗೆ ಮೂರು ಅಂಕ ಕಳೆದೆ. ಏಳು ವರ್ಷಗಳ ಆ ಪುಸ್ತಕದಲ್ಲಿ ಕೊನೆಯ ವಾದದ ಫಲಿತಾಂಶವನ್ನೇ ಯಾರೂ ಬರೆದಿಲ್ಲವೆಂಬುದು ಆಗ ಕಣ್ಣಿಗೆ ಬಿತ್ತು. ಅದೇ ಪೆನ್ನಿನಿಂದ ಬರೆದೆ: ಹಡಗೇ ಶ್ರೇಷ್ಠ. ತೀರ್ಪುಗಾರ್ತಿ, ರಂಜನಿ. ಭಾನುವಾರ, ೮ ಜನವರಿ ೨೦೦೬.