ಊಟ ಆಯ್ತಾ ಎಂದು ಕೇಳಿದ ಮೇಲೆ

ಸೋಮವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಕಮಲ, ಮತ್ತು ಆಗಷ್ಟೇ ಕಟ್ಟಿಟ್ಟ ಎರಡು ರಾಗಿಮುದ್ದೆ. ನಿವೃತ್ತ ಡ್ರಿಲ್ ಮೇಷ್ಟ್ರಾದ ನಾನು ಸರಿಯಾಗಿ ಒಂದಕ್ಕೆ ಊಟಕ್ಕೆ ಕೂರುತ್ತೇನೆ. ತಲೆಗೊಂದು ಮುದ್ದೆ, ಮಿಕ್ಕುವ ಮಾತೇ ಇಲ್ಲ. ಒಂದು ತುತ್ತೂ ವ್ಯರ್ಥವಾಗದ ಮನೆಯೆಂದು ನನಗೆ ಕೊಂಚ ಜಂಬವೂ ಉಂಟು.

ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳುವುದು ಊಟ ಆಯ್ತಾ ಎಂದೇ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಚೌಕಾಸಿಗೆ ಮುಂಚೆ ಇದೇ, ಹಾಸನದ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿ ರಾಜಿಯಾದ ಮೇಲೂ ಇದೇ. ಹೊಟ್ಟೆ ತಾಳ ಹಾಕುತ್ತಿದ್ದರೂ 'ಆಯ್ತು, ನಿಮ್ದು?' ಎನ್ನುವುದು ಮರ್ಯಾದೆ. ಎದುರಿನವರು ಹಾಗೇ ಅನ್ನುತ್ತಾರೆಂಬ ಧೈರ್ಯದಲ್ಲೇ ನಾವು ಇಷ್ಟು ಧಾರಾಳವಾಗಿ ಕೇಳುವುದು.

ಅಂದು ಗೇಟಿನ ಬಳಿ ಹೆಂಗಸೊಬ್ಬಳು ನಿಂತು, "ಅರಕಲಗೂಡು ಬಸ್ಸು ಇಲ್ಲೇ ನಿಲ್ತದಾ ಸಾ?" ಎಂದಳು.

"ಒಂದೂವರೆಗೆ ಬರುತ್ತಮ್ಮ. ಊಟ ಆಯ್ತಾ?"

"ಇಲ್ಲ ಸಾ. ಮಗಳು ಆಸ್ಪತ್ರೇಲವ್ಳೆ. ರಾತ್ರಿ ಇದ್ದುದ್ನ ಅವಳಿಗೇ ಉಣ್ಸ್‌ಬುಟ್ಟೆ."

ನಾನು ಕಕ್ಕಾಬಿಕ್ಕಿಯಾದೆ. ಜೀವಮಾನವಿಡೀ ಕೇಳಿದ ಪ್ರಶ್ನೆಗೆ ಮೊದಲ ಬಾರಿ ಒಬ್ಬರು ನಿಜವಾದ ಉತ್ತರ ಕೊಟ್ಟಿದ್ದರು. ಒಳಗೆ ಎರಡೇ ಮುದ್ದೆ. ಅನ್ನವಾದರೆ ಹರಡಿ ಬಡಿಸಿ ಮೂರು ತಟ್ಟೆ ತುಂಬಿಸಬಹುದು. ಮುದ್ದೆಗೆ ಆ ನಾಟಕ ಬರುವುದಿಲ್ಲ.

"ಬಾಮ್ಮ, ಕೈಕಾಲು ತೊಳ್ಕೊ. ಮೇಷ್ಟ್ರು ಅವರ ಮುದ್ದೆ ಕೊಡ್ತಾರೆ" ಎಂದು ಕಮಲ ಒಳಗಿನಿಂದಲೇ ನನ್ನ ಪರವಾಗಿ ಘೋಷಿಸಿದಳು.

"ಅಯ್ಯೋ, ನಿಮ್ಗೆ ಸಾ?"

"ನಂಗೆ ಮೊಸರವಲಕ್ಕಿ ಇದೆ. ಉಣ್ಣಮ್ಮ, ಬಸ್ ತಪ್ಪಿಹೋದೀತು."

ಆಕೆ ನಾಲ್ಕು ತುತ್ತು ನುಂಗುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, "ಹುರುಳಿ ಸಾರು ವಸಿ ಖಾರ ಆಗದೆ ಕಣಕ್ಕ" ಎಂದಳು. ನನಗೆ ಆ ಮಾತು ಬಹಳ ಹಿಡಿಸಿತು. ದಾನ ಪಡೆದವರು ಕೈಮುಗಿಯುತ್ತಾರೆ. ಊಟಕ್ಕೆ ಬಂದವರು ಮಾತ್ರ ಸಾರಿನ ತಪ್ಪು ಹೇಳುತ್ತಾರೆ. ಬಸ್ಸೂ ಸಿಕ್ಕಿತು.

ಇನ್ನು ಮೇಲೆ ಮೂರು ಮುದ್ದೆ ಕಟ್ಟೋಣ ಎಂದೆ.

"ಮಿಕ್ಕಿದ್ರೆ ಯಾರು ತಿನ್ನೋದು? ನಿಮ್ಮ ಶುಗರ್‌ಗಂತೂ ಅಲ್ಲ" ಎಂದಳು ಕಮಲ.

"ಗೇಟಿನ ಹತ್ರ ನಿಂತು ಕೇಳ್ತೀನಿ. ಆಯ್ತು ಅಂದವರನ್ನ ಇನ್ನೊಂದ್ಸಲ ಕೇಳ್ತೀನಿ."

ಸಂಜೆ ಏಳಕ್ಕೆ ನಾಳೆಯ ಸಾರಿಗೆ ಹುರುಳಿ ನೆನೆಹಾಕಿದೆ, ಒಂದು ಹಿಡಿ ಹೆಚ್ಚಾಗಿ. ಖಾರದ ವಿಷಯ ಕಮಲಳ ಮುಂದೆ ಎತ್ತುವ ಧೈರ್ಯವಾಗಲಿಲ್ಲ. ಅದನ್ನು ನಾಳೆ ಬರುವವರಿಗೆ ಬಿಟ್ಟು, ಪಾತ್ರೆಗೆ ಮುಚ್ಚಳ ಮುಚ್ಚಿದೆ.