ವಾಕಿಂಗಿಗೆ ಅಡ್ಡ ಬಂದ ಭಜ್ಜಿ

ಗೆಳೆಯರೇ, ಎಳ್ಳ ಅಮಾವಾಸ್ಯೆ ಮುಗಿದರೂ ನನ್ನ ಪ್ಯಾಂಟಿನ ಗುಂಡಿ ಹಾಕಲು ಬರುತ್ತಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಟ್ಟಿದ ದೇಹವಿದು, ತಾನಾಗಿ ಕರಗುವುದಿಲ್ಲ. ಅದಕ್ಕೇ ಇಂದು ಬೆಳಿಗ್ಗೆ ಬೂಟು ಹಾಕಿಕೊಂಡು ಅಷ್ಟೂರಿನ ಕಡೆ ನಡೆಯಲು ಹೊರಟೆ. ಎದುರುಮನೆಯ ಶಾಂತಮ್ಮ, ಕಾಳು ಪಲ್ಲೆ ಕೂಡಿಸಿ ಮಾಡುವ ಹಬ್ಬದ ಭಜ್ಜಿಯ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತಿದ್ದಳು.

“ಮತ್ತ ಕುದಿಸೀನಿ ಕಾಕಾ, ಈಗ ಭಾಳ ರುಚಿ ಆಗ್ಯದ.”

“ಬ್ಯಾಡವ್ವ, ಹಬ್ಬದಿಂದ ಬರೇ ಉಣ್ಣೋದೇ ಆಗ್ಯದ. ಹೊಟ್ಟಿ ಇಳಸಬೇಕು.”

“ಬ್ಯಾಡ ಅನಬ್ಯಾಡ್ರಿ. ಕಾಕು ತೀರಿಕೊಂಡು ಇನ್ನಾ ವರ್ಷ ತುಂಬಿಲ್ಲ, ನಿಮ್ಮ ಮನ್ಯಾಗ ಹಬ್ಬದ ಅಡಗಿ ಮಾಡಂಗಿಲ್ಲ. ನಾವು ಕೊಡಲಿಲ್ಲಂದ್ರ ಹ್ಯಾಂಗರಿ?”

ಅಮಾವಾಸ್ಯೆಯಿಂದ ಓಣಿಯ ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ. ಸಾವಾದ ಮನೆಗೆ ಬಂದ ಡಬ್ಬಿಯನ್ನು ಮರಳಿಸುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಬೂಟು ಬಿಚ್ಚಿ ಉಣ್ಣಲು ಕುಳಿತೆ.

ನನ್ನ ಹೆಂಡತಿ ಎರಡನೇ ಸಲ ಸೌಟು ಎತ್ತುತ್ತಿರಲಿಲ್ಲ. “ಸಾಕು, ಏಳ್ರಿ” ಅನ್ನುತ್ತಿದ್ದಳು. ಈಗ ಓಣಿಗೆ ಓಣಿಯೇ ಬಡಿಸುತ್ತದೆ. ಏಳು ಅನ್ನುವವರು ಯಾರೂ ಇಲ್ಲ.