ಐದನೆಯ ಪುಟ

ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಪುಟ್ಟ ವೆಬ್ ಕಂಪನಿಯೊಂದರಲ್ಲಿ ಪ್ರಣೀತಾಳಿಗೆ ಕೆಲಸ. ಇಂಟರ್ನೆಟ್ಟಿನಲ್ಲಿ ಗಿರಾಕಿಯ ಹೆಸರು ಹುಡುಕಿದವರಿಗೆ ಒಳ್ಳೆಯದೇ ಮೊದಲು ಕಾಣುವಂತೆ ಮಾಡಬೇಕು. ಈ ಸಲದ ಗಿರಾಕಿ ಒಬ್ಬ ಬಿಲ್ಡರ್. ಘಣಸೋಲಿಯಲ್ಲಿ ಅವನ ಕಟ್ಟಡದ ಸಾರುವೆ ಕುಸಿದು ಕೂಲಿಯಾಳುಗಳು ಸತ್ತಿದ್ದರು. ಪ್ರಣೀತಾ ಮಳೆಗಾಲವಿಡೀ ಅವನ ಫ್ಲ್ಯಾಟು, ಈಜುಕೊಳಗಳನ್ನು ಹೊಗಳಿ ಬರೆದು ಬರೆದು ಆ ಸುದ್ದಿಯನ್ನು ಹುಡುಕಾಟದ ಐದನೆಯ ಪುಟಕ್ಕೆ ತಳ್ಳಿದಳು. ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ.

ಆಫೀಸು ಗುಡಿಸಲು ಹೊಸದಾಗಿ ಬಂದಿದ್ದ ಕಲಬುರಗಿಯ ಚಂದ್ರಬಾಯಿ ಒಂದು ಮಧ್ಯಾಹ್ನ ಫೋನು ಚಾಚಿದಳು.

"ಮೇಡಮ್ಮಾರ, ನಮ್ಮ ಮನಿಯವ್ರು ಘಣಸೋಲಿದಾಗ ಬಿದ್ದು ಸತ್ತಿದ್ದು ಇದ್ರಾಗ ಫೋಟೋ ಸಮೇತ ಬಂದಿತ್ರಿ. ಮಗಳು ಎಷ್ಟ್ ಹುಡುಕಿದ್ರೂ ಈಗ ಸಿಗವಲ್ದು. ಅವರ್ದು ಬ್ಯಾರೆ ಫೋಟೋನೇ ಇಲ್ರಿ."

ಪ್ರಣೀತಾ ಫೋನು ತೆಗೆದುಕೊಂಡು ಬಿಲ್ಡರನ ಹೆಸರು ಹಾಕಿದಳು. ನೇರ ಐದನೆಯ ಪುಟಕ್ಕೆ ಹೋಗಿ ಸುದ್ದಿ ತೆಗೆದಳು. ಚಂದ್ರಬಾಯಿ ಗಂಡನ ಮುಖ ಸವರಲು ಹೋದಾಗ ಬೆರಳು ತಾಗಿ ಚಿತ್ರ ಸರಿದುಹೋಯಿತು. ಪ್ರಣೀತಾ ಅದನ್ನು ಮತ್ತೆ ತಂದು ಫೋನಿನಲ್ಲಿ ಉಳಿಸಿಕೊಟ್ಟಳು.

"ಇಷ್ಟ್ ಲಗೂನ ಹ್ಯಾಂಗ ಸಿಕ್ತ್ರೀ? ನಿಮಗ ಪುಣ್ಯ ಬರ್ಲಿ, ತಾಯಿ!"

"ಅಕ್ಕಾ, ಅದು..." ಎಂದ ಪ್ರಣೀತಾ ಫೋನನ್ನು ಅವಳ ಕೈಗಿತ್ತಳು. ಚಂದ್ರಬಾಯಿ ಕೈಮುಗಿದು ಹೋದಳು.

ಸಂಜೆ ಬಾಸ್ ಬಂದು, ಬಿಲ್ಡರ್‌ಗೆ ಇನ್ನಷ್ಟು ಲೇಖನ ಬೇಕಂತೆ ಎಂದ. ಪ್ರಣೀತಾ ಬರೆಯಲು ಕುಳಿತಳು.